ದೇಹದ ರಕ್ಷಣಾ ವ್ಯವಸ್ಥೆ ಮತ್ತು ಮಂಗನ ಕಾಯಿಲೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಇದಕ್ಕೆ ಹೊಸದೊಂದು ವೈರಸ್ ಕಾರಣವೆಂಬುದನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರವು ಪತ್ತೆಹಚ್ಚಿತು. 1952ರಲ್ಲಿ ಸ್ಥಾಪಿತವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಚರ್ಮವು ದೇಹದ ಮೊದಲ ಕೋಟೆ. ಸೋಂಕುಳ್ಳ ಉಣುಗು ಕಚ್ಚಿದಾಗ ವೈರಸ್ ಈ ಕೋಟೆಯನ್ನು ದಾಟುತ್ತದೆ. ಆಗ ಸೋಂಕಿಗೊಳಗಾದ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಭಕ್ಷಕ ಕೋಶಗಳು ವೈರಸ್ಸನ್ನು ನುಂಗುತ್ತವೆ. ಜ್ವರವೂ ಈ ಹೋರಾಟದ ಲಕ್ಷಣವೇ. ಕೆಲವು ದಿನಗಳಲ್ಲಿ ‘ಬಿ’ ಕೋಶಗಳು ಆ ವೈರಸ್ಸಿಗೇ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. ‘ಟಿ’ ಕೋಶಗಳು ಸೋಂಕಿತ ಕೋಶಗಳನ್ನು ನಾಶಪಡಿಸುತ್ತವೆ. ರೋಗ ಕಳೆದ ಮೇಲೂ ಇವುಗಳಲ್ಲಿ ಕೆಲವು ಉಳಿದು ವೈರಸ್ಸಿನ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ.

ರೋಗವನ್ನು ಅನುಭವಿಸದೆಯೇ ಈ ನೆನಪನ್ನು ಮೂಡಿಸುವುದು ಲಸಿಕೆಯ ಉದ್ದೇಶ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯನ್ನು ಮಂಗನ ಕಾಯಿಲೆಗೆ ಬಹುಕಾಲ ಬಳಸಲಾಯಿತು. ಆದರೆ ಅದು ನೀಡಿದ ರಕ್ಷಣೆ ಅಲ್ಪಕಾಲದ್ದಾಗಿದ್ದು, ಮತ್ತೆ ಮತ್ತೆ ಚುಚ್ಚುಮದ್ದು ಬೇಕಾಗುತ್ತಿತ್ತು. ಪರಿಣಾಮ ಸಾಲದೆಂದು ಕಂಡು 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು.

ಈ ರೋಗಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಆದುದರಿಂದ ಮೊದಲ ಕೋಟೆಯನ್ನು ಕಾಯ್ದುಕೊಳ್ಳುವುದು ಅತ್ಯಗತ್ಯ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಉಣುಗುಗಳನ್ನು ದೂರವಿಡುವ ತೈಲವನ್ನು ಲೇಪಿಸಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಜ್ವರ ಬಂದರೆ ತಡಮಾಡದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.