ವಿದ್ಯುತ್ ಆಟಿಕೆ ರೈಲು: ಮಕ್ಕಳ ಸುರಕ್ಷತೆ, ಗ್ರಾಹಕರ ಹಕ್ಕು

ಹಳಿ ಜೋಡಿಸಿ, ಎಂಜಿನ್‌ಗೆ ನಾಲ್ಕಾರು ಬೋಗಿ ಸಿಕ್ಕಿಸಿ ಓಡಿಸುವ ವಿದ್ಯುತ್ ಆಟಿಕೆ ರೈಲನ್ನು ಐಎಸ್‌ಐ ಗುರುತಿಲ್ಲದೆ ಭಾರತದಲ್ಲಿ ತಯಾರಿಸುವಂತಿಲ್ಲ, ಆಮದು ಮಾಡುವಂತಿಲ್ಲ, ಮಾರುವಂತಿಲ್ಲ. ಮಾರಾಟಕ್ಕೆಂದು ದಾಸ್ತಾನು ಇಡುವಂತೆಯೂ ಇಲ್ಲ. ಕೇಂದ್ರ ಸರ್ಕಾರ 2020ರ ಫೆಬ್ರುವರಿ 25ರಂದು ಹೊರಡಿಸಿದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳಿಗಾಗಿ ರೂಪಿಸಿದ ಆಟಿಕೆಗಳಿಗೆ ಅದು ಅನ್ವಯಿಸುತ್ತದೆ. ಇಂಥದೊಂದು ಆದೇಶದ ಅಗತ್ಯವಿತ್ತು. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ದೆಹಲಿ ಸುತ್ತಲಿನ ಮಾರುಕಟ್ಟೆಯಿಂದ ತಂದು ಪರೀಕ್ಷಿಸಿದ ಆಮದು ಆಟಿಕೆಗಳಲ್ಲಿ ಸುಮಾರು ಶೇ 67ರಷ್ಟು ಸುರಕ್ಷತಾ ಪರೀಕ್ಷೆಯಲ್ಲಿ ಸೋತಿದ್ದವು.

ಆಟಿಕೆ ರೈಲು ಮಗುವಿಗೆ ಎಷ್ಟು ಸುರಕ್ಷಿತ ಎಂಬುದು ಮುಖ್ಯವಾಗಿ ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಬೀದರ್, ಭಾಲ್ಕಿ, ಔರಾದ್ ಕಡೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸೆಲ್ ಹಾಕಿ ಓಡಿಸುವ ರೈಲು. ಒಂದೂವರೆ ವೋಲ್ಟಿನ ಎರಡು ಮೂರು ಸೆಲ್‌ಗಳಿಂದ ಮಗುವಿಗೆ ಕರೆಂಟು ಹೊಡೆಯುವುದಿಲ್ಲ. ಅಲ್ಲಿರುವ ಅಪಾಯ ಬೇರೆ: ಕಳಚಿ ಬರುವ ಚಕ್ರ, ಬೋಗಿಗಳನ್ನು ಹಿಡಿದಿಡುವ ಪುಟ್ಟ ಅಯಸ್ಕಾಂತ, ರಿಮೋಟಿನೊಳಗಿನ ಬಟನ್ ಸೆಲ್. ಮೂರು ವರ್ಷದೊಳಗಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಗಂಭೀರ ಸುಟ್ಟಗಾಯ ಆಗಬಹುದು. ಆದ್ದರಿಂದ ಸೆಲ್ ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಉಗುರಿನಿಂದ ತೆಗೆಯಲು ಬರುವ ಮುಚ್ಚಳ ಚಿಕ್ಕ ಮಕ್ಕಳಿರುವ ಮನೆಗೆ ತಕ್ಕದ್ದಲ್ಲ.

ಗೋಡೆಯ ಪ್ಲಗ್‌ಗೆ ಜೋಡಿಸುವ ರೈಲಿನ ವಿಷಯ ಹೆಚ್ಚು ಸೂಕ್ಷ್ಮ. ಇದರಲ್ಲಿ ಕರೆಂಟು ಹರಿಯುವುದು ಹಳಿಯಲ್ಲೇ. ಎಂಜಿನ್ನಿನ ಲೋಹದ ಚಕ್ರ ಹಳಿಯಿಂದ ಅದನ್ನು ಎಳೆದುಕೊಳ್ಳುತ್ತದೆ. ಅಂದರೆ ಮಗುವಿನ ಬೆರಳು ತಾಗುವ ಜಾಗವೇ ವಿದ್ಯುತ್ ಹರಿಯುವ ಜಾಗ. ವಿದ್ಯುತ್ ಆಟಿಕೆಗಳ ಭಾರತೀಯ ಮಾನಕವಾದ ಐಎಸ್ 15644 ಇದೇ ಕಾರಣಕ್ಕೆ ಆಟಿಕೆಗೆ 24 ವೋಲ್ಟಿನ ಮಿತಿ ಹಾಕಿದೆ. ಮನೆಯ 230 ವೋಲ್ಟನ್ನು ಅಷ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರಿನಲ್ಲಿ ಒಳಬರುವ ಸುರುಳಿಗೂ ಹೊರಹೋಗುವ ಸುರುಳಿಗೂ ನೇರ ವಿದ್ಯುತ್ ಸಂಪರ್ಕ ಇರಬಾರದು. ಅಗ್ಗದ ಅಡಾಪ್ಟರಿನೊಳಗೆ ಈ ಎರಡರ ನಡುವಿನ ನಿರೋಧಕ ಸುಟ್ಟರೆ 230 ವೋಲ್ಟ್ ಸೀದಾ ಹಳಿಗೆ ಬರಬಹುದು. ಹಾಗಾಗಿ ರೈಲಿನೊಂದಿಗೆ ಬಂದ ಅಡಾಪ್ಟರ್ ಕೆಟ್ಟಾಗ ಮನೆಯಲ್ಲಿ ಬಿದ್ದಿರುವ ಮತ್ತೊಂದನ್ನು ಸಿಕ್ಕಿಸಲೇಬಾರದು. ತಯಾರಕರು ಸೂಚಿಸಿದ್ದನ್ನೇ ಹಾಕಬೇಕು. ವೈರಿನ ಸಿಪ್ಪೆ ಹರಿದಿದೆಯೇ, ಪ್ಲಗ್ ಬಿರುಕು ಬಿಟ್ಟಿದೆಯೇ, ಪೆಟ್ಟಿಗೆ ಕೈಸುಡುವಷ್ಟು ಬಿಸಿಯಾಗುತ್ತಿದೆಯೇ ಎಂದು ಹಿರಿಯರು ಆಗಾಗ ನೋಡಬೇಕು. ಹಳಿಯ ವೈರನ್ನು ಗೋಡೆಯ ಸಾಕೆಟ್‌ಗೆ ತುರುಕಬಾರದೆಂಬ ಎಚ್ಚರಿಕೆ ಆಟಿಕೆಯ ಜೊತೆಗಿನ ಸೂಚನೆಯಲ್ಲಿ ಇರಬೇಕು. ಮಕ್ಕಳು ಅದನ್ನು ಮಾಡಿಯೇ ನೋಡುತ್ತಾರೆ ಎಂದು ತಿಳಿದೇ ಬರೆಸಿದ ಎಚ್ಚರಿಕೆ ಅದು.

ಐಎಸ್‌ಐ ಗುರುತನ್ನು ನೋಡಿದರೆ ಸಾಲದು, ಓದಬೇಕು. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ ಇರುತ್ತದೆ. ವಿದ್ಯುತ್ ಆಟಿಕೆಗೆ ಅದು ಐಎಸ್ 15644. ವಿದ್ಯುತ್ ಇಲ್ಲದ ಆಟಿಕೆಗೆ ಐಎಸ್ 9873. ಕೆಳಗೆ ಸಿಎಂ/ಎಲ್ ಎಂಬ ಅಕ್ಷರಗಳ ಮುಂದೆ ತಯಾರಕರ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೊದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬರೀ ಗುರುತು ಮುದ್ರಿಸಿ ಸಂಖ್ಯೆ ಬಿಟ್ಟಿರುವ ಡಬ್ಬಿಯನ್ನು ನಂಬಬಾರದು. ಚನ್ನಪಟ್ಟಣದ ಮರದ ಗೊಂಬೆಯಂಥ ಭೌಗೋಳಿಕ ಸೂಚಿಕೆ ಪಡೆದ ವಸ್ತುಗಳಿಗೂ ನೋಂದಾಯಿತ ಕುಶಲಕರ್ಮಿಗಳ ತಯಾರಿಕೆಗೂ ಆದೇಶದಿಂದ ವಿನಾಯಿತಿ ಇದೆ. ಕಾರ್ಖಾನೆಯಿಂದ ಬರುವ ವಿದ್ಯುತ್ ರೈಲು ಆ ಸಾಲಿಗೆ ಸೇರುವುದಿಲ್ಲ.

ಕೆಲವು ಡಬ್ಬಿಗಳ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದಿರುತ್ತದೆ. ವಯಸ್ಕರು ಹವ್ಯಾಸಕ್ಕಾಗಿ ಕೂಡಿಡುವ ಅಳತೆಬದ್ಧ ಮಾದರಿ ರೈಲುಗಳು ನಿಜವಾಗಿಯೂ ಆಟಿಕೆಯ ವ್ಯಾಖ್ಯೆಯಿಂದ ಹೊರಗಿವೆ. ಅವನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು. ಆದರೆ ಕಾರ್ಟೂನ್ ಚಿತ್ರ ಬಳಿದು ಆಟಿಕೆ ಅಂಗಡಿಯಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಇಟ್ಟ ರೈಲಿಗೆ ಈ ಒಂದು ಸಾಲು ರಕ್ಷಣೆ ಕೊಡಲಾರದು. ಮಕ್ಕಳ ಆಟಕ್ಕೆಂದು ಸ್ಪಷ್ಟವಾಗಿ ಉದ್ದೇಶಿಸಲಾಗಿದೆಯೇ ಎಂಬುದೇ ಕಾನೂನಿನ ಅಳತೆಗೋಲು.

ಬೀದರ್ ಜಿಲ್ಲೆಯ ಜನವಾಡದಂಥ ಊರಿನಲ್ಲಿ ಆಟಿಕೆ ಕೊಳ್ಳುವ ದಾರಿ ಹಲವು. ಬೀದರಿನ ಅಂಗಡಿ, ಔರಾದಿನ ಅಮರೇಶ್ವರ ಜಾತ್ರೆ, ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ. ಮದುವೆ ಬಟ್ಟೆ ತರಲು ಹೈದರಾಬಾದಿಗೋ ಉದಗೀರಕ್ಕೋ ಹೋದಾಗಿನ ಖರೀದಿ. ಈಗ ಮೊಬೈಲಿನಲ್ಲೇ ಆರ್ಡರು. ಎಲ್ಲಿ ಕೊಂಡರೂ ಕಾನೂನು ಒಂದೇ. ಡಬ್ಬಿಯ ಮೇಲೆ ತಯಾರಕ ಅಥವಾ ಆಮದುದಾರರ ಹೆಸರು, ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕ ದೂರಿನ ಸಂಪರ್ಕ ಇರಬೇಕು. ಆಮದು ವಸ್ತುವಾದರೆ ಯಾವ ದೇಶದ್ದು ಎಂಬುದೂ. ಇವಿಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಬಿಲ್ ಕೇಳಿ ಪಡೆಯುವುದು ಗ್ರಾಹಕರ ಹಕ್ಕು. ಇನ್ನೂರು ರೂಪಾಯಿಯ ಆಟಿಕೆಗೆ ಬಿಲ್ ಏಕೆ ಎಂದು ಬಿಟ್ಟವರೇ ಅವಘಡವಾದಾಗ ಬರಿಗೈಯಲ್ಲಿ ನಿಲ್ಲುತ್ತಾರೆ. ಆನ್‌ಲೈನ್ ಖರೀದಿಯಲ್ಲಿ ಇ-ಕಾಮರ್ಸ್ ಸಂಸ್ಥೆಯ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಆಟಿಕೆಯಿಂದ ಮಗುವಿಗೆ ಗಾಯವಾದರೆ ಮೊದಲು ಚಿಕಿತ್ಸೆ. ಬಟನ್ ಸೆಲ್ ನುಂಗಿದ ಅನುಮಾನವಿದ್ದರೂ ಸಾಕು, ವಾಂತಿ ಮಾಡಿಸಲು ಹೋಗದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು. ಬಳಿಕ ಪುರಾವೆ: ರೈಲು, ಅಡಾಪ್ಟರ್, ಡಬ್ಬಿ, ಸೂಚನೆಯ ಚೀಟಿ ಯಾವುದನ್ನೂ ಎಸೆಯಬಾರದು, ದುರಸ್ತಿಗೂ ಕೊಡಬಾರದು, ಬದಲಿ ಕೊಡುತ್ತೇನೆಂದು ಅಂಗಡಿಯವರು ಕೇಳಿದರೂ ಒಪ್ಪಿಸಬಾರದು. ಸುಟ್ಟ ಜಾಗದ ಫೋಟೊ, ಬಿಲ್, ಆಸ್ಪತ್ರೆಯ ಚೀಟಿಗಳನ್ನು ಒಟ್ಟಿಗೆ ಇಡಬೇಕು. ನಿರ್ಲಕ್ಷ್ಯದಿಂದ ಗಂಭೀರ ಗಾಯವೋ ಸಾವೋ ಸಂಭವಿಸಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು.

ಹೊಣೆ ಯಾರದು ಎಂಬುದಕ್ಕೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಕಲಂ 82ರಿಂದ 87ರವರೆಗಿನ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ ಉತ್ತರವಿದೆ. ತಯಾರಿಕೆಯಲ್ಲಿ ದೋಷವಿದ್ದರೆ, ವಿನ್ಯಾಸವೇ ಕೆಟ್ಟದಾಗಿದ್ದರೆ, ಸಾಕಷ್ಟು ಎಚ್ಚರಿಕೆ ಕೊಡದಿದ್ದರೆ ತಯಾರಕರು ಹೊಣೆ. ದೋಷ ಸಾಬೀತಾದ ಮೇಲೆ ‘ನಮ್ಮ ನಿರ್ಲಕ್ಷ್ಯವೇನೂ ಇರಲಿಲ್ಲ’ ಎಂಬ ಸಮಜಾಯಿಷಿಯಿಂದ ಅವರು ತಪ್ಪಿಸಿಕೊಳ್ಳಲಾಗದು. ತಯಾರಕರು ಯಾರೆಂದೇ ತಿಳಿಯದಿದ್ದರೆ ಮಾರಿದವರು ಹೊಣೆಯಾಗುತ್ತಾರೆ. ಹೆಸರಿಲ್ಲದ ಡಬ್ಬಿ ಮಾರುವ ವ್ಯಾಪಾರಿಗಳು ಗಮನಿಸಬೇಕಾದ ಮಾತು ಇದು. ಇನ್ನೊಂದು ಕಡೆ, ಘಟನೆಯ ಹೊತ್ತಿಗೆ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಅದರಲ್ಲಿ ಮಾರ್ಪಾಡು ಮಾಡಿದ್ದರೆ ಮಾರಾಟಗಾರರ ಮೇಲಿನ ಹೊಣೆಗಾರಿಕೆಯ ದಾವೆ ನಿಲ್ಲುವುದಿಲ್ಲ. ಬೇರೆ ಅಡಾಪ್ಟರ್ ಸಿಕ್ಕಿಸಿದ ಮನೆಯವರು ಪ್ರಕರಣ ಕಳೆದುಕೊಳ್ಳುವುದು ಇಲ್ಲೇ.

ದೂರು ಕೊಡಲು ಸ್ವತಃ ಕೊಂಡವರೇ ಆಗಬೇಕೆಂದಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಹುಟ್ಟುಹಬ್ಬಕ್ಕೆ ಸೋದರಮಾವ ತಂದುಕೊಟ್ಟ ರೈಲಿನಿಂದ ಗಾಯಗೊಂಡ ಮಗುವೂ ಗ್ರಾಹಕ. ಅದರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ದೂರು ಸಲ್ಲಿಸಬಹುದು. ಗಡಿ ಜಿಲ್ಲೆಯ ಜನರಿಗೆ ಅತಿ ಉಪಯುಕ್ತವಾದ ಅನುಕೂಲ ಕಲಂ 34ರಲ್ಲಿದೆ: ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೈದರಾಬಾದಿನಲ್ಲಿ ಕೊಂಡ ರೈಲಿಗೂ ದೂರದ ಗೋದಾಮಿನಿಂದ ಬಂದ ಪಾರ್ಸಲ್‌ಗೂ ಜನವಾಡದ ಕುಟುಂಬ ಬೀದರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. ವಕೀಲರು ಕಡ್ಡಾಯವಲ್ಲ. ಅರ್ಜಿಯಲ್ಲಿ ಎರಡೂ ಕಡೆಯವರ ಹೆಸರು ಮತ್ತು ವಿಳಾಸ, ಕೊಂಡ ದಿನ, ನಡೆದ ಘಟನೆ, ಕೇಳುವ ಪರಿಹಾರ ಇರಬೇಕು. ಪ್ರಮಾಣಪತ್ರವನ್ನೂ ದಾಖಲೆಗಳ ಪ್ರತಿಯನ್ನೂ ಲಗತ್ತಿಸಬೇಕು. ‘ಇ-ಜಾಗೃತಿ’ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಆಯೋಗ ಅಗತ್ಯ ಕಂಡರೆ ಆಟಿಕೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಪರೀಕ್ಷೆ ಬೇಡದ ಪ್ರಕರಣಕ್ಕೆ ಮೂರು ತಿಂಗಳು, ಬೇಕಾದುದಕ್ಕೆ ಐದು ತಿಂಗಳು ಎಂಬ ಕಾಲಮಿತಿಯನ್ನು ಕಾಯ್ದೆ ಹಾಕಿಕೊಟ್ಟಿದೆ. ಹಣ ವಾಪಸು, ಬದಲಿ ವಸ್ತು, ನಷ್ಟ ಪರಿಹಾರ, ಖರ್ಚು ಕೊಡಿಸುವ ಅಧಿಕಾರದೊಂದಿಗೆ ಅಪಾಯಕಾರಿ ಸರಕನ್ನು ಮಾರಾಟದಿಂದ ಹಿಂತೆಗೆಸುವ ಅಧಿಕಾರವೂ ಆಯೋಗಕ್ಕಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕು.

ಗಾಯವಾಗುವವರೆಗೆ ಕಾಯಬೇಕಿಲ್ಲ. ಗುರುತಿಲ್ಲದ ವಿದ್ಯುತ್ ರೈಲು ಅಂಗಡಿಯಲ್ಲಿ ಕಂಡರೆ ಯಾರೇ ಆದರೂ ಬಿಐಎಸ್ ಕೇರ್ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು. 2016ರ ಮಾನಕ ಬ್ಯೂರೊ ಕಾಯ್ದೆಯ ಕಲಂ 29 ಇಂಥ ಮಾರಾಟಕ್ಕೆ ಎರಡು ವರ್ಷದವರೆಗಿನ ಜೈಲು ಅಥವಾ ಮೊದಲ ಬಾರಿಗೆ ಎರಡು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ಗೊತ್ತುಪಡಿಸಿದೆ. ಅಪಾಯಕಾರಿ ಸರಕಿನ ಬಗ್ಗೆ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಬಹುದು. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂಥ ಸರಕನ್ನು ದೇಶದಾದ್ಯಂತ ಹಿಂದಕ್ಕೆ ಪಡೆಯುವಂತೆ ಆದೇಶಿಸಬಲ್ಲದು. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಉಚಿತ ಕಾನೂನು ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಈ ನೆರವು ಆದಾಯದ ಮಿತಿಯಿಲ್ಲದೆ ಸಿಗುತ್ತದೆ.

ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ದೂರಿಗೆ ಕಾರಣವಾದ ಘಟನೆ ನಡೆದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಆಯೋಗದಲ್ಲಿ ದಾಖಲಾಗಬೇಕು. ತಡವಾದರೆ ಅದಕ್ಕೆ ತಕ್ಕ ಕಾರಣವನ್ನು ಬರೆದು ಒಪ್ಪಿಸಬೇಕಾಗುತ್ತದೆ.