ಕೌದಿ ಪ್ರದರ್ಶನಕ್ಕೆ ಹೊರಟಾಗ

ಕಲಘಟಗಿ, ಕುಂದಗೋಳ ಕಡೆಯ ತಾಯಂದಿರು ಹಳೆಯ ಸೀರೆ, ಧೋತರ ಸೇರಿಸಿ ಕೌದಿ ಹೊಲಿಯುವುದು ಹೊಸದೇನಲ್ಲ. ಅದನ್ನು ಪ್ರದರ್ಶನಕ್ಕಿಟ್ಟರೆ ಜಂಬವಾಗುವುದಿಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ.

ಪ್ರಿಯ ಓದುಗರೇ, ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯ ತೆರೆದು ನೋಡಿರಿ. ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ, ಆಕೆ ಹೊಲಿದ ಬಟ್ಟೆಗಳನ್ನು ಪೇತ್ರನಿಗೆ ತೋರಿಸಿದರು. ಯಾರ ಕೈಕೆಲಸ ಎಂಬುದು ಅಲ್ಲಿ ಮುಚ್ಚಿಹೋಗಲಿಲ್ಲ.

ನೆರೆಯ ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರನ್ನೇ ತೆಗೆದುಕೊಳ್ಳಿರಿ. ಅವರಲ್ಲಿ ಕಥೋಲಿಕರು, ಮುಸಲ್ಮಾನರು, ಹಿಂದೂಗಳು ಮೂವರೂ ಇದ್ದಾರೆ. ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಮಾಡಿದ ‘ಫುಲ’. ಅದಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ. ಕಥೋಲಿಕ ತಾಯಂದಿರು ಕೆಲವೊಮ್ಮೆ ಶಿಲುಬೆ ಹಾಕುತ್ತಾರೆ, ಮುಸಲ್ಮಾನರು ಅರ್ಧಚಂದ್ರ. 2004ರಲ್ಲಿ ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಇವರದೊಂದು ಸಹಕಾರಿ ಗುಂಪು ಏರ್ಪಟ್ಟಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮಗುವಿಗೆ ಹೊದಿಸುವಂಥದ್ದು ಗೋಡೆಗೇರಿತು!

ಆದುದರಿಂದ ಸ್ಪರ್ಧೆಗೆ ಧಾರಾಳವಾಗಿ ಕಳಿಸಿರಿ. ಆದರೆ ಹೊಲಿದವಳ ಹೆಸರು, ಊರು ಬರೆದ ಬಟ್ಟೆಯ ತುಂಡೊಂದನ್ನು ಹಿಂಬದಿಗೆ ಹಚ್ಚಿರಿ. ಸಂಘದ ಹೆಸರಷ್ಟೇ ಸಾಲದು. ಬಹುಮಾನದ ಆಸೆಗೆ ಹಳೆಯ ಸೀರೆ ಬಿಟ್ಟು ಅಂಗಡಿಯ ಹೊಸ ಬಟ್ಟೆ ಕತ್ತರಿಸಬೇಡಿರಿ. ಅಜ್ಜಿಯ ಸೀರೆಯ ತುಂಡು ಎಲ್ಲಿದೆಯೆಂದು ಮೊಮ್ಮಕ್ಕಳು ಬಲ್ಲರು, ತೀರ್ಪುಗಾರರು ಅರಿಯರು. ಮಾರುವುದಾದರೆ ಬೆಲೆಯನ್ನು ಹೊಲಿದವಳೇ ಹೇಳಲಿ; ಬೆನ್ನು ಬಗ್ಗಿಸಿ ಕೂತವಳು ಅವಳು. ಗಂಡಂದಿರೇ, ಆ ಹಣ ಅವಳ ಕೈಯಲ್ಲಿಯೇ ಇರಲಿ.