ಸೋರಿಯಾಸಿಸ್ ಉಳ್ಳವರ ದವಡೆ ನೋವು

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಬೆಳಿಗ್ಗೆ ಎದ್ದೊಡನೆ ಬಾಯಿ ತೆರೆಯಲಾಗದು, ರೊಟ್ಟಿ ಅಗಿಯಲಾಗದು ಎಂಬುದು ಅವರ ವ್ಯಥೆ. ಹಲ್ಲಿನ ದೋಷವೆಂದು ಭಾವಿಸಿ ದವಡೆಹಲ್ಲೊಂದನ್ನು ಕೀಳಿಸಿಕೊಂಡಿದ್ದರೂ ನೋವು ಶಮನವಾಗಿರಲಿಲ್ಲ. ಆಯುರ್ವೇದವು ವಾತವ್ಯಾಧಿಗಳಲ್ಲಿ ಹೇಳುವ ಹನುಗ್ರಹವೆಂದು ತಿಳಿದು ನಾನೂ ಮೊದಲು ತೈಲವನ್ನೇ ಕೊಟ್ಟೆ. ಎರಡನೆಯ ಭೇಟಿಯಲ್ಲಿ ಅವರ ಮೊಣಕೈ ಮೇಲಿನ ಬೆಳ್ಳಿಬಣ್ಣದ ಹೊಟ್ಟು, ಉಗುರುಗಳ ಮೇಲಿನ ಸಣ್ಣ ಕುಳಿಗಳು ಕಣ್ಣಿಗೆ ಬಿದ್ದವು. ಅದು ಸೋರಿಯಾಸಿಸ್‌ಗೆ ಸಂಬಂಧಿಸಿದ ಸಂಧಿವಾತವಾಗಿತ್ತು.

ಸೋರಿಯಾಸಿಸ್ ಅಂಟುರೋಗವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಚರ್ಮವನ್ನು ಕೆರಳಿಸುವುದು ಇದರ ಮೂಲ. ಕೆಲವರಲ್ಲಿ ಅದೇ ಉರಿಯೂತವು ಕೀಲುಗಳಿಗೂ ವ್ಯಾಪಿಸುತ್ತದೆ. ಸಾಮಾನ್ಯವಾಗಿ ಚರ್ಮದ ಲಕ್ಷಣಗಳು ತೋರಿದ ಹಲವು ವರ್ಷಗಳ ನಂತರ, 30ರಿಂದ 50ರ ವಯಸ್ಸಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬೆರಳು, ಮಂಡಿ, ಹಿಮ್ಮಡಿಗಳಲ್ಲಿ ಹೆಚ್ಚು. ದವಡೆಯ ಕೀಲಿನಲ್ಲಿ ವಿರಳ. ಆದುದರಿಂದಲೇ ಅದು ಗಮನಕ್ಕೆ ಬರುವುದು ತಡ.

ಕಿವಿಯ ಮುಂಭಾಗದಲ್ಲಿ ಬೆರಳಿಟ್ಟು ಬಾಯಿ ತೆರೆದರೆ ಈ ಕೀಲಿನ ಚಲನೆ ತಿಳಿಯುತ್ತದೆ. ಕೆಳದವಡೆಯ ಮೂಳೆಗೂ ತಲೆಬುರುಡೆಗೂ ನಡುವೆ ಮೃದುವಾದ ಬಿಲ್ಲೆಯೊಂದಿದೆ. ಕೀಲಿನ ಒಳಪೊರೆ ಊದಿಕೊಂಡು ಬಹುಕಾಲ ಹಾಗೆಯೇ ಉಳಿದರೆ ಬಿಲ್ಲೆಯೂ ಮೂಳೆಯೂ ಸವೆಯುತ್ತವೆ. ಹಲ್ಲುಗಳ ಹೊಂದಾಣಿಕೆ ಕೆಡಬಹುದು, ಬಾಯಿ ತೆರೆಯುವುದೇ ಕಷ್ಟವಾಗಬಹುದು. ಹೀಗೆ ಸವೆದ ಮೂಳೆ ಮೊದಲಿನಂತಾಗುವುದು ದುರ್ಲಭ.

ಗಮನಿಸಬೇಕಾದ ಲಕ್ಷಣಗಳು:

• ಬೆಳಿಗ್ಗೆ ಅರ್ಧ ಗಂಟೆಗೂ ಮೀರಿದ ದವಡೆಯ ಬಿಗಿತ
• ಕಿವಿಯ ಮುಂದೆ ನೋವು ಅಥವಾ ಊತ
• ಅಗಿಯುವಾಗ ಸದ್ದು, ನೋವು
• ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲಾಗದಿರುವುದು

ಇವು ಬೇರೆ ಕಾರಣಗಳಿಂದಲೂ ಬರಬಹುದು. ಆದರೆ ಸೋರಿಯಾಸಿಸ್ ಉಳ್ಳವರು ದಂತವೈದ್ಯರ ಬಳಿ ಹೋದಾಗಲೂ ಚರ್ಮದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಸಂಧಿವಾತ ತಜ್ಞರನ್ನೂ ಕಾಣಬೇಕು. ರಕ್ತದಲ್ಲಿ ಆರ್.ಎ. ಫ್ಯಾಕ್ಟರ್ ಇಲ್ಲವೆಂದ ಮಾತ್ರಕ್ಕೆ ಈ ರೋಗವಿಲ್ಲವೆಂದು ತಿಳಿಯಬಾರದು. ಈ ಸಂಧಿವಾತದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಬಿಸಿನೀರಿನ ಬಟ್ಟೆಯ ಶಾಖ, ಗಂಜಿ, ಮೆತ್ತನೆಯ ಅನ್ನ ಹಿತಕರ. ಅಡಿಕೆ ಮತ್ತು ಗಟ್ಟಿ ಪದಾರ್ಥಗಳನ್ನು ವರ್ಜಿಸಬೇಕು. ಆದರೆ ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಎಣ್ಣೆ, ಕಷಾಯಗಳನ್ನೇ ನಂಬಿ ಕಾಲಹರಣ ಮಾಡಬೇಡಿ. ತಜ್ಞರು ಕೊಟ್ಟ ಮೆಥೋಟ್ರೆಕ್ಸೇಟ್‌ನಂತಹ ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಅದನ್ನು ಈ ರೋಗಕ್ಕೆ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು, ದಿನವೂ ಅಲ್ಲ. ಜೊತೆಗೆ ಬೇರೆ ಔಷಧಿ ಸೇವಿಸುವುದಾದರೆ ಇಬ್ಬರು ವೈದ್ಯರಿಗೂ ತಿಳಿಸಿರಿ.

ಆ ತಾಯಿಯನ್ನು ತಜ್ಞರ ಬಳಿಗೆ ಕಳುಹಿಸಿದೆ. ಕೆಲವು ತಿಂಗಳ ಚಿಕಿತ್ಸೆಯ ನಂತರ ಅವರು ಮತ್ತೆ ರೊಟ್ಟಿ ಉಣ್ಣತೊಡಗಿದರು. ಕಿತ್ತ ಹಲ್ಲು ಮಾತ್ರ ಮರಳಿ ಬರಲಿಲ್ಲ.